ಏಳು ಪೈಪುಗಳಿಗೆ ಕಾರಣವಿದೆ, ಉಳಿದ ನಲವತ್ತಕ್ಕೆ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಸಂಗ್ರಹದ ಹವ್ಯಾಸಗಳ ಕುರಿತು ಬಂದ ಲೇಖನದಲ್ಲಿ, ತಂಬಾಕಿನ ಪೈಪುಗಳನ್ನು ರಾಶಿ ಹಾಕಿಕೊಳ್ಳುವವರ ವಿಚಾರ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು: ಅದು ನಿಕೋಟಿನ್ ಚಟ, ಇಲ್ಲವಾದರೆ ಶೋಕಿ. ನನ್ನ ಬಳಿ 47 ಪೈಪುಗಳಿವೆ. ಆರೋಪಿಯ ಜಾಗದಲ್ಲಿ ನಿಂತೇ ಹೇಳುತ್ತೇನೆ, ಈ ಎರಡು ಕಾರಣಗಳಿಂದ ನನ್ನ ಕಪಾಟು ಅರ್ಥವಾಗುವುದಿಲ್ಲ.

ಮೊದಲು ಚಟದ ಮಾತು. ಪೈಪ್ ಸೇದುವವರಲ್ಲಿ ಅನೇಕರು ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುವುದಿಲ್ಲವಾದರೂ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯವೂ ಜೊತೆಗೇ ಬರುತ್ತದೆ. ಪೈಪು ಸಿಗರೇಟಿಗಿಂತ ಸಾಧು ಎಂದು ನಂಬಿಕೊಂಡವರ ಪರವಾಗಿ ನಾನು ವಾದಿಸುತ್ತಿಲ್ಲ. ಆದರೆ ಚಟ ತೀರಿಸಿಕೊಳ್ಳಲು ಒಂದು ಪೈಪ್ ಸಾಕು, ಇಪ್ಪತ್ತು ಪೈಪ್ ಇಟ್ಟುಕೊಂಡವನು ಇಪ್ಪತ್ತು ಪಟ್ಟು ಸೇದುವುದಿಲ್ಲ. ವೈದ್ಯರ ಮಾತಿಗೆ ಕಟ್ಟುಬಿದ್ದು ನಾನು ತಂಬಾಕು ಬಿಟ್ಟ ದಿನ ನನ್ನಲ್ಲಿದ್ದದ್ದು 42 ಪೈಪುಗಳು. ಉಳಿದ ಐದನ್ನು ಕೊಂಡದ್ದು ಬಿಟ್ಟ ಮೇಲೆ. ಅವುಗಳಲ್ಲಿ ಒಂದಕ್ಕೂ ಇವತ್ತಿನವರೆಗೆ ಬೆಂಕಿ ಸೋಕಿಲ್ಲ. ಶೋಕಿ ಎನ್ನೋಣವೆಂದರೆ, ಅವನ್ನು ಮನೆಯವರ ಹೊರತು ಯಾರೂ ನೋಡಿಲ್ಲ. ಮನೆಯವರು ನೋಡಿದ್ದೂ ನಾನು ತೋರಿಸಿ ಅಲ್ಲ.

ಒಂದಕ್ಕಿಂತ ಹೆಚ್ಚು ಪೈಪ್ ಬೇಕೆನ್ನುವ ಮಾತು ಸುಳ್ಳಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ. ಒಳ್ಳೆಯ ಪೈಪುಗಳಲ್ಲಿ ಬಹುಪಾಲು ಬ್ರೈಯರ್ ಮರದವು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಮರದ ಬುಡದಲ್ಲಿ, ಬೇರು ಮತ್ತು ಕಾಂಡಗಳ ನಡುವೆ, ಉಬ್ಬಿ ಬೆಳೆಯುವ ಗಂಟನ್ನು ಅಗೆದು ತೆಗೆದು, ತುಂಡು ಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕೊರೆಯುತ್ತಾರೆ. ಬೆಂಕಿಗೆ ಸುಲಭವಾಗಿ ಜಗ್ಗದ ಈ ಗಂಟನ್ನು ನೆಚ್ಚಿಕೊಂಡೇ ಫ್ರಾನ್ಸಿನ ಸೇಂಟ್ ಕ್ಲೋಡ್ 19ನೇ ಶತಮಾನದ ಮಧ್ಯಭಾಗದಿಂದ ಪೈಪಿನ ಊರೆಂದು ಹೆಸರಾಯಿತು. ತಂಬಾಕು ಉರಿಯುವಾಗ ಹುಟ್ಟುವ ನೀರಾವಿ ಈ ಮರದೊಳಕ್ಕೆ ಇಂಗುತ್ತದೆ. ಸೇದಿದ ಪೈಪನ್ನು ಒಂದೆರಡು ದಿನ ಆರಲು ಬಿಡದೆ ಮತ್ತೆ ಮತ್ತೆ ತುಂಬಿದರೆ ಹೊಗೆಗೆ ಹುಳಿ ಹತ್ತುತ್ತದೆ, ತಂಬಾಕು ತುಂಬುವ ಬಟ್ಟಲು ಒದ್ದೆಯಾಗಿ ಬಿರುಕು ಬಿಡುವುದೂ ಉಂಟು. ವಾರದ ದಿನಕ್ಕೊಂದರಂತೆ ಏಳು ಪೈಪುಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿ ಇಂಗ್ಲೆಂಡಿನ ತಯಾರಕರು ಮಾರುತ್ತಿದ್ದದ್ದು ಈ ಕಾರಣಕ್ಕೆ. ಏಳರ ಲೆಕ್ಕವನ್ನು ನಾನು ಒಪ್ಪುತ್ತೇನೆ.

ಎಂಟನೆಯದಕ್ಕೆ ಕಾರಣವನ್ನು ತಂಬಾಕೇ ಒದಗಿಸುತ್ತದೆ. ಲಟಾಕಿಯಾ ಎಂಬ ತಂಬಾಕನ್ನು ಸೌದೆಯ ಹೊಗೆ ಹಾಕಿ ಕಪ್ಪಾಗಿಸುತ್ತಾರೆ. ಅದರ ಕಮಟು ಮರದೊಳಗೆ ಕೂತರೆ ಏಳುವುದಿಲ್ಲ. ಒಮ್ಮೆ ಗೊತ್ತಿಲ್ಲದೆ ಅಂಥ ಪೈಪಿಗೆ ವರ್ಜೀನಿಯಾ ಎಂಬ ಇನ್ನೊಂದು ಬಗೆಯ ತಂಬಾಕು ತುಂಬಿದ್ದೆ. ಹುಲ್ಲಿನ ಮೆದೆಯಂಥ ಹಗುರ ಸಿಹಿಯನ್ನು ನಿರೀಕ್ಷಿಸಿದ ಬಾಯಿಗೆ, ಆರಿದ ಒಲೆಯ ಬೂದಿಯನ್ನು ನೆಕ್ಕಿದಂತಾಯಿತು. ಹಾಗಾಗಿ ಲಟಾಕಿಯಾಕ್ಕೆ ಬೇರೆ ಪೈಪ್, ವರ್ಜೀನಿಯಾಕ್ಕೆ ಬೇರೆ ಎಂಬ ನಿಯಮ ನ್ಯಾಯವಾದದ್ದೇ. ಆದರೆ ನಿಯಮ ಅಲ್ಲಿಗೆ ನಿಲ್ಲುವುದಿಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಭಾರ ಹೇರಿ ಹುಳಿ ಬರಿಸುವ ಪೆರೀಕ್ ತಂಬಾಕನ್ನು ಚಿಟಿಕೆ ಬೆರೆಸಿದ ವರ್ಜೀನಿಯಾಕ್ಕೆ ಇನ್ನೊಂದು, ಬರ್ಲಿ ಎಂಬ ತಂಬಾಕಿಗೆ ಮತ್ತೊಂದು, ಸುವಾಸನೆ ಹಾಕಿದ ಮಿಶ್ರಣಗಳಿಗೆ ಮಗದೊಂದು. ಇವೊಂದೊಂದಕ್ಕೂ ಏಳು ದಿನಗಳ ಲೆಕ್ಕ ಹಚ್ಚಿದರೆ ಸಂಖ್ಯೆ ಎಲ್ಲಿಗೆ ಮುಟ್ಟುತ್ತದೆಂದು ಓದುಗರೇ ಗುಣಿಸಿಕೊಳ್ಳಬಹುದು. ನಾನಂತೂ ಗುಣಿಸಿದ್ದೆ, ಕಾಗದದ ಮೇಲೆ, ಬಹಳ ಗಂಭೀರವಾಗಿ. ಪೈಪ್ ಸಂಗ್ರಹಕಾರ ಕುಂಟುನೆಪ ಹುಡುಕುತ್ತಾನೆಂಬುದು ತಪ್ಪು ತಿಳಿವಳಿಕೆ. ಅವನ ನೆಪಕ್ಕೆ ಎರಡೂ ಕಾಲು ಗಟ್ಟಿಯಾಗಿವೆ. ಅದು ಸುಮ್ಮನೆ ಬೇಕಾದ್ದಕ್ಕಿಂತ ಬಹುದೂರ ನಡೆದುಹೋಗುತ್ತದೆ.

ನನ್ನ ಮುಖ್ಯ ಮಾತು ಇನ್ನು ಮುಂದಿದೆ. ಪೈಪನ್ನು ಕೊಳ್ಳುವುದಕ್ಕೆ ಕ್ಷಣ ಸಾಕು, ಅದರ ಗುಣ ತಿಳಿಯುವುದಕ್ಕೆ ವರ್ಷಗಳು ಬೇಕು. ಹೊಸ ಬಟ್ಟಲಿನ ಒಳಗೋಡೆಯ ಮೇಲೆ ತೆಳ್ಳನೆಯ ಮಸಿಪದರ ಕಟ್ಟುವವರೆಗೆ ಹೊಗೆ ಬಿಸಿಯಾಗಿಯೇ ಬರುತ್ತದೆ, ಹಸಿಮರದ ರುಚಿ ಬಿಡುವುದಿಲ್ಲ. ಈ ಪದರಕ್ಕೆ ಬಳಸುವವರ ಬಾಯಲ್ಲಿ ಕೇಕ್ ಎಂದು ಹೆಸರು. ನನ್ನ ಅನುಭವದಲ್ಲಿ ಮೂವತ್ತು ಸಲವಾದರೂ ಸೇದದೆ ಯಾವ ಪೈಪಿನ ಬಗ್ಗೆಯೂ ತೀರ್ಪು ಕೊಡಲಾಗದು. ದಿನಕ್ಕೊಂದೇ ಸಲ, ಸಂಜೆ ಹೊತ್ತು, ಸೇದುತ್ತಿದ್ದವನು ನಾನು. 42 ಪೈಪುಗಳನ್ನು ಸರದಿಯಂತೆ ಬಳಸಿ ಒಂದೊಂದನ್ನೂ ಮೂವತ್ತು ಸಲ ಮುಟ್ಟಿಸಬೇಕಾದರೆ 1,260 ಸಂಜೆಗಳು, ಅಂದರೆ ಸುಮಾರು ಮೂರೂವರೆ ವರ್ಷ ಬೇಕು, ಅದೂ ನಡುವೆ ಒಂದನ್ನೂ ಹೊಸದಾಗಿ ಕೊಳ್ಳದಿದ್ದರೆ. ಪ್ರತಿ ಪೈಪಿಗೂ ಎಷ್ಟು ಸಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಡುತ್ತಿದ್ದೆ. ತಂಬಾಕು ಬಿಟ್ಟ ಮೇಲೆ ತೆಗೆದು ನೋಡಿದರೆ ಮೂವತ್ತು ದಾಟಿದ್ದವು ಒಂಬತ್ತು ಮಾತ್ರ. ಉಳಿದ ಮೂವತ್ತಮೂರು ಪೈಪುಗಳು ಒಳ್ಳೆಯವೋ ಕೆಟ್ಟವೋ ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಕ್ಕೆ ಮುಂಚೆಯೇ ಮುಂದಿನದು ಬಂದಿರುತ್ತಿತ್ತು, ಮತ್ತು ಗೊತ್ತಿಲ್ಲದ್ದರಿಂದಲೇ ಮುಂದಿನದರ ಮೇಲೆ ಆಸೆ ಹುಟ್ಟುತ್ತಿತ್ತು: ಮನಸ್ಸಿಗೆ ಒಪ್ಪುವ ಆ ಒಂದು ಪೈಪ್ ಇದೇ ಇರಬಹುದು.

ಈ ಆಸೆಗೆ ನೀರೆರೆಯುವುದು ಮರದ ಎಳೆ. ಬ್ರೈಯರ್ ಗಂಟಿನಲ್ಲಿ ಎಳೆಗಳು ಬಟ್ಟಲಿನ ಬುಡದಿಂದ ಅಂಚಿನವರೆಗೆ ಬಾಚಿದ ಕೂದಲಿನಂತೆ ನೇರ ಹರಿದರೆ ಅದಕ್ಕೊಂದು ಬೆಲೆ. ಅದೇ ಎಳೆಗಳನ್ನು ಅಡ್ಡ ಕುಯ್ದ ಕಡೆ ಹಕ್ಕಿಯ ಕಣ್ಣುಗಳಂಥ ಸಣ್ಣ ಚುಕ್ಕೆಗಳು ಕಾಣುತ್ತವೆ. ಒಂದರಂತೆ ಇನ್ನೊಂದು ಇರುವುದು ಸಾಧ್ಯವೇ ಇಲ್ಲ. ಎಳೆಯ ಅಂದಕ್ಕೂ ಹೊಗೆಯ ರುಚಿಗೂ ಸಂಬಂಧವಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು, ಹಾಗಿದ್ದರೂ ಇದು ಕೈತಪ್ಪಿದರೆ ಇಂಥದ್ದು ಮತ್ತೆ ಸಿಗದು ಎಂಬ ಮಾತು ಪ್ರತಿ ಸಲವೂ ಅಕ್ಷರಶಃ ನಿಜವಾಗಿರುವಾಗ ಕೈ ತಡೆಯುವುದು ಕಷ್ಟ. ಬರೀ ಹೊಗೆಯ ಪ್ರಶ್ನೆಯೇ ಆಗಿದ್ದರೆ ಜೋಳದ ದಿಂಡು ಸಾಕಿತ್ತು. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ದಿಂಡಿನ ಪೈಪುಗಳನ್ನು ಮಾಡುತ್ತಿದ್ದಾರೆ. ಅಗ್ಗ, ಹಗುರ, ಮೊದಲ ದಿನವೇ ಒಣ ಹೊಗೆ ಕೊಡುತ್ತವೆ. ಅಂಥದ್ದು ನನ್ನಲ್ಲಿ ಒಂದೇ ಇದೆ. ಎರಡನೆಯದು ಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ.

ಬಂದದ್ದು ಹೊರಗೆ ಹೋಗದಿರುವುದೂ ಸಂಖ್ಯೆ ಏರುವುದಕ್ಕೆ ಕಾರಣ. ಕಾನೆಮನ್, ಕ್ನೆಚ್ ಮತ್ತು ಥೇಲರ್ ಎಂಬ ಮೂವರು ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಾಫಿ ಕುಡಿಯುವ ಮಗ್ಗನ್ನು ಆಗಷ್ಟೇ ಪಡೆದವರು ಅದನ್ನು ಮಾರಲು ಕೇಳಿದ ಬೆಲೆ, ಕೊಳ್ಳುವವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ನಿಮಿಷಗಳ ಒಡೆತನಕ್ಕೆ ಇಷ್ಟು ಮಮತೆಯಾದರೆ, ತುಟಿಗಿಟ್ಟ ವಸ್ತುವಿನ ಮಾತೇನು? ಇಷ್ಟವಾಗದ ಎಂಟು ಪೈಪುಗಳನ್ನು ಬೇರೆಯವರಿಗೆ ಕೊಟ್ಟುಬಿಡಬೇಕೆಂದು ಅಳೆದೂ ಸುರಿದೂ ಒಮ್ಮೆ ಬೇರೆ ಇಟ್ಟೆ. ಒಂದು ವಾರ ಕಳೆಯುವಷ್ಟರಲ್ಲಿ ಆ ಎಂಟನ್ನೂ ಇಡುವುದಕ್ಕೆ ಹೊಸ ಸ್ಟ್ಯಾಂಡ್ ತಂದಿದ್ದೆ.

ಪೈಪ್ ಪ್ರಿಯರು ಇದಕ್ಕೆಲ್ಲ ತಮಾಷೆಗೆ ಪೈಪ್ ಕೊಳ್ಳುವ ಕಾಯಿಲೆ ಎಂದು ಹೆಸರಿಟ್ಟಿದ್ದಾರೆ. ಈ ತಮಾಷೆ ನನಗೆ ಈಗ ರುಚಿಸುವುದಿಲ್ಲ. ಕಾಯಿಲೆ ಎಂದುಕೊಂಡರೆ ಹೊಣೆ ಕಳಚುತ್ತದೆ, ಹತ್ತು ಜನಕ್ಕೆ ಇದ್ದರೆ ನಾಚಿಕೆಯೂ ಕಳಚುತ್ತದೆ, ಮತ್ತು ಸೇದಿಯೇ ಇಲ್ಲದ ಪೈಪುಗಳ ಎಣಿಕೆ ಹೆಗ್ಗಳಿಕೆಯಾಗುತ್ತದೆ. ನಿಮ್ಮ ಲೇಖಕರು ಬರೆದ ಶೋಕಿ ಎಂಬ ಮಾತಿಗೆ ಸ್ವಲ್ಪವಾದರೂ ಆಧಾರವಿದ್ದರೆ ಅದು ಇಲ್ಲಿದೆ.

ವಾಷಿಂಗ್ಟನ್ ಡಿ.ಸಿ.ಯ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಬಳಸಿದ ಒಂದು ಪೈಪ್ ಇದೆ. ಸಾದಾ ಬ್ರೈಯರ್, ಅಲಂಕಾರವಿಲ್ಲ. ಬಾಯಿಗಿಡುವ ತುದಿ ಮಾತ್ರ ಹಲ್ಲು ತಾಗಿ ತಾಗಿ ಸವೆದು ತೂತಾಗಿದೆ. ಅದರ ಬಗ್ಗೆ ಓದಿದ ಸಂಜೆ ನನ್ನವನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒಂದೊಂದರ ತುದಿಯನ್ನೂ ದೀಪದ ಕೆಳಗೆ ತಿರುಗಿಸಿ ನೋಡಿದೆ. ನಲವತ್ತೇಳರಲ್ಲಿ ಹಲ್ಲಿನ ಗುರುತು ಬಿದ್ದಿದ್ದು ಎರಡಕ್ಕೆ.

ಇತಿ,
ನಿಮ್ಮ ಹಳೆಯ ಓದುಗ