ಬಾಲ ಕಲಾವಿದರ ಸಂಭಾವನೆ ಅವರ ಹೆಸರಿನಲ್ಲೇ ದಾಖಲಾಗಲಿ

ಮಾನ್ಯರೇ,

ಧಾರಾವಾಹಿ, ಜಾಹೀರಾತು, ರಿಯಾಲಿಟಿ ಷೋಗಳಲ್ಲಿ ದುಡಿಯುವ ಮಕ್ಕಳ ಸಂಭಾವನೆಯನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಿಯೇ ರಿಟರ್ನ್ಸ್ ಸಲ್ಲಿಸಬೇಕೆಂಬ ತಪ್ಪು ನಂಬಿಕೆ ಅನೇಕ ಪೋಷಕರಲ್ಲಿದೆ. 2025–26ರವರೆಗಿನ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 64(1ಎ) ಕಲಂ, ಅಪ್ರಾಪ್ತ ಮಕ್ಕಳ ಆದಾಯವನ್ನು ಹೆತ್ತವರಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರಿಸಬೇಕೆನ್ನುತ್ತದೆ, ನಿಜ. ಆದರೆ ಮಗು ದೈಹಿಕ ದುಡಿಮೆಯಿಂದಾಗಲಿ, ತನ್ನ ಕೌಶಲ, ಪ್ರತಿಭೆ ಅಥವಾ ವಿಶೇಷ ಜ್ಞಾನದಿಂದಾಗಲಿ ಗಳಿಸಿದ ಹಣವನ್ನು ಅದೇ ಕಲಂ ಈ ಸೇರ್ಪಡೆಯಿಂದ ಹೊರಗಿಟ್ಟಿದೆ. 80ಯು ಕಲಂ ವ್ಯಾಪ್ತಿಯ ಅಂಗವಿಕಲ ಮಕ್ಕಳ ಯಾವ ಆದಾಯವನ್ನೂ ಹೀಗೆ ಸೇರಿಸುವಂತಿಲ್ಲ.

ಇದು ಬರೀ ತಾಂತ್ರಿಕ ವಿಷಯವಲ್ಲ. 2025–26ರಲ್ಲಿ ಮಗುವೊಂದು 3 ಲಕ್ಷ ರೂಪಾಯಿ ಗಳಿಸಿ, ಶೇ 10ರಂತೆ 30 ಸಾವಿರ ಟಿಡಿಎಸ್ (ಪಾವತಿಯ ಹೊತ್ತಿನಲ್ಲೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗಿದೆ ಎಂದುಕೊಳ್ಳೋಣ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲದಿರುವುದರಿಂದ, ಮಗುವಿನ ಹೆಸರಿನಲ್ಲಿ ರಿಟರ್ನ್ಸ್ ಸಲ್ಲಿಸಿದರೆ ಕಡಿತವಾದದ್ದೆಲ್ಲ ವಾಪಸು ಬರುತ್ತದೆ. ಅದನ್ನೇ ಶೇ 20ರ ಹಂತದಲ್ಲಿರುವ ತಂದೆಯ ಆದಾಯಕ್ಕೆ ಸೇರಿಸಿದರೆ, ಸೆಸ್ ಬಿಟ್ಟೂ 60 ಸಾವಿರ ರೂಪಾಯಿ ತೆರಿಗೆ ಬೀಳುತ್ತದೆ.

ತೊಡಕು ಶುರುವಾಗುವುದು ಹಣ ಪಾವತಿಯಾಗುವಲ್ಲಿಯೇ. ಎಷ್ಟೋ ಸಲ ಒಪ್ಪಂದದ ಹೊತ್ತಿನಲ್ಲಿ ನಿರ್ಮಾಪಕರ ಕಡೆಯವರು ಕೇಳುವುದು ಅಪ್ಪನ ಪ್ಯಾನ್ ಮತ್ತು ಪಾಸ್‌ಬುಕ್ಕಿನ ನಕಲನ್ನು. ಹೀಗಾಗಿ ಮಗಳ ಅಭಿನಯದ ಹಣ ಅಪ್ಪನ ತೆರಿಗೆ ಕಡಿತದ ವಾರ್ಷಿಕ ವಿವರದಲ್ಲಿ ವೃತ್ತಿ ಶುಲ್ಕವಾಗಿ ಕಾಣಿಸಿಕೊಳ್ಳುತ್ತದೆ. ಒಮ್ಮೆ ಹಾಗೆ ದಾಖಲಾದದ್ದನ್ನು ಬಿಡಿಸುವುದು ಸಂಬಳದಾರ ಕುಟುಂಬಕ್ಕೆ ಸುಲಭವಲ್ಲ. ಮಗುವಿನ ಹೆಸರಿನಲ್ಲಿ ಮೊದಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಿ, ಇ-ಫೈಲಿಂಗ್ ತಾಣದಲ್ಲಿ ಪೋಷಕರು ಮಗುವಿನ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡರೆ ಈ ಗೊಂದಲವೇ ಇರುವುದಿಲ್ಲ. ನಿರ್ಮಾಣ ಸಂಸ್ಥೆಗಳು ಮಗುವಿನ ಪ್ಯಾನ್‌ಗೇ ಟಿಡಿಎಸ್ ಪ್ರಮಾಣಪತ್ರ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಇನ್ನೊಂದು ಅನ್ಯಾಯವನ್ನು ಸರ್ಕಾರವೇ ಸರಿಪಡಿಸಬೇಕಿದೆ. ಬಾಲಕಾರ್ಮಿಕ ನಿಷೇಧ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, 14 ವರ್ಷ ತುಂಬದ ಕಲಾವಿದರ ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಯಾಗಿ ಇಡಬೇಕು. ಆ ಹಣ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಅದರ ಕೈಸೇರಬೇಕು. ಇದು ಒಳ್ಳೆಯ ನಿಯಮ. ಆದರೆ ಠೇವಣಿಯ ಬಡ್ಡಿ ಪ್ರತಿಭೆಯ ಗಳಿಕೆ ಎನಿಸಿಕೊಳ್ಳದ ಕಾರಣ ಪೋಷಕರ ಆದಾಯಕ್ಕೆ ಸೇರುತ್ತದೆ. ಮೇಲಿನ ಉದಾಹರಣೆಯಲ್ಲಿ 60 ಸಾವಿರ ಠೇವಣಿಗೆ ಶೇ 7ರಂತೆ ವರ್ಷಕ್ಕೆ 4,200 ರೂಪಾಯಿ ಬಡ್ಡಿ. ಇದಕ್ಕೆ ಹಳೆಯ ಪದ್ಧತಿಯಲ್ಲಿ ಸಿಗುವ ವಿನಾಯಿತಿ ಮಗುವೊಂದಕ್ಕೆ 1,500 ರೂಪಾಯಿ ಮಾತ್ರ. ತೊಂಬತ್ತರ ದಶಕದಲ್ಲಿ ನಿಗದಿಯಾದ ಈ ಮೊತ್ತ ಇಂದಿಗೂ ಬದಲಾಗಿಲ್ಲ, ಹೊಸ ಪದ್ಧತಿಯಲ್ಲಂತೂ ಅದೂ ಇಲ್ಲ. ಕಾನೂನೇ ಕಡ್ಡಾಯವಾಗಿ ಇಡಿಸಿದ, ಹೆತ್ತವರಿಗೆ ಸೇರದ ಹಣದ ಬಡ್ಡಿಗೆ ಅವರಿಂದ ತೆರಿಗೆ ವಸೂಲಿ ಮಾಡುವುದು ಯಾವ ನ್ಯಾಯ? ಈ ಕಡ್ಡಾಯ ಠೇವಣಿಯ ಬಡ್ಡಿಯನ್ನಾದರೂ ಮಗುವಿನ ಸ್ವಂತ ಆದಾಯವೆಂದು ಪರಿಗಣಿಸುವ ತಿದ್ದುಪಡಿಯನ್ನು ಕೇಂದ್ರ ಹಣಕಾಸು ಸಚಿವಾಲಯ ಮುಂದಿನ ಬಜೆಟ್‌ನಲ್ಲಿ ತರಬೇಕು. ನಮ್ಮ ರಾಜ್ಯದ ಸಂಸದರು ಇದನ್ನು ಲೋಕಸಭೆಯಲ್ಲಿ ಪ್ರಸ್ತಾಪಿಸಬೇಕೆಂದು ಕೋರುತ್ತೇನೆ.

– ತೆರಿಗೆ ಸಲಹೆಗಾರ, ದಾವಣಗೆರೆ