ಅಜ್ಜಿ ಪೆನ್ಷನ್ ಬಂತು, ಎಲ್ರಿಗೂ ಥ್ಯಾಂಕ್ಸ್

ಹದಿನಾಲ್ಕು ತಿಂಗಳಿಂದ ನಿಂತೋಗಿದ್ದ ನಮ್ಮಜ್ಜಿ ಪೆನ್ಷನ್ ಮೊನ್ನೆ ಸೋಮವಾರ ಬಾಕಿ ಸಮೇತ ಬಂತು. ಓಡಾಡಿದವರಿಗೆಲ್ಲ ಫೋನ್ ಮಾಡಿ ಹೇಳಿದೀನಿ, ಆದ್ರೂ ಇಲ್ಲಿ ಬರೀಲೇಬೇಕು ಅನ್ನಿಸ್ತು.

ತಾತ ಎಂಇಜಿಲಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಲ್ಲಿ) ಸ್ಯಾಪರ್, ಅಂದ್ರೆ ಎಂಜಿನಿಯರ್ ದಳದ ಸಿಪಾಯಿ ಆಗಿದ್ರು. 1971ರ ಡಿಸೆಂಬರಲ್ಲಿ ಪಾಕಿಸ್ತಾನದ ಜೊತೆ ಯುದ್ಧದಲ್ಲಿ, ಪಶ್ಚಿಮ ಗಡಿಯ ಬಸಂತರ್ ನದಿ ಹತ್ರ, ಟ್ಯಾಂಕ್ ದಾಟೋಕೆ ಮೈನ್ ತೆಗೀತಿದ್ದಾಗ ಹೋದ್ರು. ಅಪ್ಪ ಆಗ ಆರು ತಿಂಗಳ ಕೂಸು. ಯುದ್ಧದಲ್ಲಿ ಹೋದವರ ಹೆಂಡ್ತೀಗೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಷನ್, ಅಂದ್ರೆ ಕೊನೇ ಸಂಬಳದಷ್ಟು ಪೂರ್ತಿ, ಮಾಮೂಲಿ ಫ್ಯಾಮಿಲಿ ಪೆನ್ಷನ್ ಆದ್ರೆ 30 ಪರ್ಸೆಂಟು. ಅದ್ರಲ್ಲೇ ಅಜ್ಜಿ ಅಪ್ಪನ್ನ ಓದಿಸಿದ್ದು.

ಆಗಿದ್ದೇನಪ್ಪಾ ಅಂದ್ರೆ ಆಧಾರಲ್ಲಿ ತವರಿನ ಹೆಸರು, ಪೆನ್ಷನ್ ಪೇಪರಲ್ಲಿ ಮದುವೇಲಿ ಇಟ್ಟ ಹೆಸರು, ಬದುಕಿದೀವಿ ಅಂತ ಪ್ರತಿ ನವೆಂಬರಲ್ಲಿ ಕೊಡೋ ಲೈಫ್ ಸರ್ಟಿಫಿಕೇಟ್ ರಿಜೆಕ್ಟ್. ಬ್ಯಾಂಕಲ್ಲಿ ಕೇಳಿದ್ರೆ ಪಿಪಿಓ (ಪೆನ್ಷನ್ ಮಂಜೂರಾದ ಆದೇಶದ ಪತ್ರ) ತನ್ನಿ ಅಂತಾರೆ, ಪಿಪಿಓನ ಗೆದ್ದಲು ತಿಂದು ಎಷ್ಟೋ ವರ್ಷ ಆಯ್ತು, ತಾತನ ಸರ್ವಿಸ್ ನಂಬರ್ರೂ ಯಾರಿಗೂ ನೆನಪಿಲ್ಲ.

ಆಗ ಜಿಲ್ಲಾ ಸೈನಿಕ ಬೋರ್ಡಲ್ಲಿದ್ದ ರಿಟೈರ್ಡ್ ಸುಬೇದಾರ್ ಸಾಹೇಬ್ರು ಕೇಳಿದ್ದು ಒಂದೇ ಮಾತು, "ಮೆಡಲ್ ಇದಾವಾ ತಾಯಿ?" ಇದಾವೆ, 1971ರ ಯುದ್ಧದ್ದು ಎರಡು, ದೇವರ ಗೂಡಲ್ಲಿ. ಪಶ್ಚಿಮಿ ಸ್ಟಾರ್ ಕಂಚಿಂದು, ಅಜ್ಜಿ ಪ್ರತಿ ಆಯುಧ ಪೂಜೆಗೂ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹಿಂದಿನ ಅಕ್ಷರ ಎಲ್ಲ ಸವೆದೋಗಿತ್ತು. ಸಂಗ್ರಾಮ್ ಮೆಡಲ್ ಬಿಳೀ ಲೋಹದ್ದು, ಹೊಳೆಯಲ್ಲ ಅಂತ ಅದನ್ನ ಅಷ್ಟಾಗಿ ಮುಟ್ಟಿರ್ಲಿಲ್ಲ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದ್ರೆ ಅಂಚಲ್ಲಿ ನಂಬರ್, ರ‍್ಯಾಂಕ್, ತಾತನ ಹೆಸರು! ಅಪ್ಪ ಅದನ್ನ ಓದಿ ಸುಮಾರು ಹೊತ್ತು ಮಾತೇ ಆಡ್ಲಿಲ್ಲ.

ಆ ನಂಬರ್ ಹಿಡ್ಕೊಂಡೇ ಬೆಂಗಳೂರಿನ ರೆಕಾರ್ಡ್ಸ್ ಆಫೀಸಿನವರು ಹಳೇ ಫೈಲ್ ತೆಗೆದ್ರು, ಅಫಿಡವಿಟ್ ಮಾಡ್ಸಿ ಹೆಸರು ಸರಿ ಆಯ್ತು. ಅವರಿಗೆ, ಸುಬೇದಾರ್ ಸಾಹೇಬ್ರಿಗೆ, ದುಡ್ಡೇ ತಗೊಳ್ದೆ ಅಫಿಡವಿಟ್ ಬರೆದುಕೊಟ್ಟ ಲಾಯರ್ ಅಣ್ಣಂಗೆ, ಲೈಫ್ ಸರ್ಟಿಫಿಕೇಟಿಗೆ ಬೆರಳಚ್ಚು ಬೀಳ್ದೇ ಇದ್ದಾಗ ಮುಖ ಗುರುತಿಸೋ ಫೇಸ್ ಆ್ಯಪಲ್ಲಿ "ಅಜ್ಜೀ ಕಣ್ ಮಿಟುಕ್ಸಿ, ಇನ್ನೊಂದ್ಸಲ" ಅಂತ ಅರ್ಧ ಗಂಟೆ ತಾಳ್ಮೆಯಿಂದ ಕೂತಿದ್ದ ಗ್ರಾಮ ಒನ್ ಹುಡುಗಂಗೆ, ತುಂಬಾ ತುಂಬಾ ಥ್ಯಾಂಕ್ಸ್. ನಿಮ್ಮನೇಲೂ ಇಂಥ ಮೆಡಲ್ ಇದ್ರೆ ಇವತ್ತೇ ಅಂಚಿನ ಫೋಟೋ ತೆಗೆದಿಟ್ಕೊಳ್ಳಿ.

ಹುಣಸೆಹಣ್ಣು ಮುಟ್ಟಂಗಿಲ್ಲ ಅಂತ ಅಜ್ಜೀಗೆ ಹೇಳಿದೀವಿ. ಹ್ಞೂಂ ಅಂದಿದೆ, ಆಯುಧ ಪೂಜೆ ದಿನ ನೋಡ್ಬೇಕು.