ಕಾಡು ಸುತ್ತಿ ಬಂದವರು ಮೈ ನೋಡಿಕೊಳ್ಳಿ

ಖಾನಾಪುರ, ಜಾಂಬೋಟಿ ಕಡೆ ಹೋಗಿಬರುವ ಎಲ್ಲರ ಗಮನಕ್ಕೆ. ಮೈಗೆ ಉಣ್ಣೆ ಹುಳ ಕಚ್ಚಿಕೊಂಡಿದ್ದರೆ ಬೆಂಕಿ ತಾಗಿಸಬೇಡಿ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ.

ಉಣ್ಣೆ ಕಚ್ಚಿ ಹರಡುವ ಲೈಮ್ ಎಂಬ ಕಾಯಿಲೆಯಾದರೆ, ಕಚ್ಚಿದ 3ರಿಂದ 30 ದಿನದೊಳಗೆ ಕೆಂಪು ಮಚ್ಚೆ ಎದ್ದು ದಿನೇ ದಿನೇ ಅಗಲವಾಗಬಹುದು. ನೋವು, ತುರಿಕೆ ಜಾಸ್ತಿ ಇರುವುದಿಲ್ಲ, ಹಾಗಾಗಿ ಸುಮ್ನೆ ಬಿಟ್ಟುಬಿಡುತ್ತೇವೆ ಅಲ್ವಾ? ದಯವಿಟ್ಟು ಬಿಡಬೇಡಿ, ಫೋಟೊ ತೆಗೆದಿಡಿ. ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ಆಗ ಡಾಕ್ಟರಿಗೆ ಆ ಫೋಟೊವೇ ಆಧಾರ.

ನಮ್ಮಲ್ಲಿ ಲೈಮ್ ಅಪರೂಪ. ಜ್ವರದ ಜೊತೆ ಸುಟ್ಟಂಥ ಕಪ್ಪು ಗಾಯ ಕಂಡರೆ ಸ್ಕ್ರಬ್ ಟೈಫಸ್ (ಉಣ್ಣೆಯಲ್ಲ, ಸಣ್ಣ ನುಸಿ ಹುಳ ಕಚ್ಚಿ ಬರುವ ಜ್ವರ) ಇರಬಹುದು, ತಡ ಮಾಡಲೇಬೇಡಿ. ಎರಡಕ್ಕೂ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಕೊಡುತ್ತಾರೆ, ಆದರೆ ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್‌ಇ ಆಸ್ಪತ್ರೆಗೆ ಹೋಗಿ. ಹುಳ ಕಚ್ಚಿದ್ದನ್ನು ನೀವಾಗಿಯೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.